ಯಾರ ಮನೆಯದ್ದು ಮಾರಾಯ?

ರಸಾಯನಶಾಸ್ತ್ರದ ಎಂ.ಎಸ್ಸಿ. ಪ್ರಾಜೆಕ್ಟಿಗೆ ತರಗತಿಯ ಹೆಚ್ಚಿನವರು ಸಿಂಥೆಸಿಸ್, ಅಂದರೆ ಲ್ಯಾಬಿನಲ್ಲೇ ಸಂಯುಕ್ತ ತಯಾರಿಸುವ ಕೆಲಸ, ಆರಿಸಿಕೊಂಡಾಗ ನಾವು ನಾಲ್ವರು ಕಡಲಪಾಚಿಯೊಳಗಿನ ಸಂಯುಕ್ತಗಳ ಹಿಂದೆ ಬಿದ್ದೆವು. ಕಲೆಕ್ಷನ್ ಮುಗಿದ ಮೇಲೆ ಮೇಡಂ ಕೊಡಿಸುವ ಗೋಳಿಬಜೆಗಾಗಿ ಎಂದು ಆಡಿಕೊಂಡವರಿದ್ದರು, ಪೂರ್ತಿ ಸುಳ್ಳೇನಲ್ಲ.

ಮಳೆಗಾಲ ಕಳೆದ ಮೇಲೆ ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡು ಇಳಿತದ ಹೊತ್ತಿಗೆ ಮಂಗಳೂರು ಬಳಿಯ ಸೋಮೇಶ್ವರ ಕಡಲತೀರದ ಬಂಡೆಗಳ ಮೇಲಿರಬೇಕು. ಸರ್ಗಾಸಮ್ ಎಂಬ ಕಂದು ಪಾಚಿ ಕಿತ್ತು, ಸಮುದ್ರದ ನೀರಿನಲ್ಲೇ ಜಾಲಾಡಿ, ಅಂಟಿಕೊಂಡ ಬೇರೆ ಪಾಚಿ, ಪುಟ್ಟ ಶಂಖದ ಹುಳ ಎಲ್ಲ ಬಿಡಿಸಬೇಕು. ಒಮ್ಮೆ ಮೇಡಂ ಕಂದು ಬಣ್ಣದ ಒಂದು ಎಳೆಯನ್ನು ಬೀಕರಿನ ಬಿಸಿನೀರಿಗೆ ಅದ್ದಿದರು. ನೋಡನೋಡುತ್ತ ಹಸಿರಾಯಿತು! ಫ್ಯೂಕೋಕ್ಸಾಂಥಿನ್ ಎಂಬ ಬಣ್ಣದ ವಸ್ತು ಪ್ರೋಟೀನಿನ ಜೊತೆ ಸೇರಿಕೊಂಡಿರುವಾಗ ಕ್ಲೋರೋಫಿಲ್ಲಿನ ಹಸಿರನ್ನು ಮುಚ್ಚಿಡುತ್ತದೆ, ಬಿಸಿಗೆ ಆ ಕಟ್ಟು ಸಡಿಲವಾಗುತ್ತದೆ. ಆಮೇಲೆ ಸಿಲಿಕಾ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ (ಕಾಲಮ್) ದ್ರಾವಕ ಸುರಿದು ಈ ಬಣ್ಣಗಳನ್ನೇ ಬೇರೆಬೇರೆಯಾಗಿ ಕಂಡೆವು: ಹೆಕ್ಸೇನ್ ದ್ರಾವಕಕ್ಕೆ ಓಡಿ ಬರುವ ಹಳದಿ ಕ್ಯಾರೋಟಿನ್, ಈಥೈಲ್ ಅಸಿಟೇಟ್ ದ್ರಾವಕ ಹೆಚ್ಚಿಸಿದಂತೆ ಕ್ಲೋರೋಫಿಲ್ಲಿನ ಹಸಿರು, ಅದರ ಹಿಂದೆ ನಿಧಾನಕ್ಕೆ ಇಳಿಯುವ ಫ್ಯೂಕೋಕ್ಸಾಂಥಿನ್ನಿನ ಕಿತ್ತಳೆ ಪಟ್ಟೆ.

ಉಪ್ಪಿನ ಕಾಟ ಬೇರೆ. ಮೆಥನಾಲಿನಲ್ಲಿ ತೆಗೆದ ಪಾಚಿಯ ಸಾರ ಇಂಗಿಸಿದರೆ ಫ್ಲಾಸ್ಕಿನ ಗೋಡೆ ತುಂಬ ಬಿಳಿ ಹರಳು. ದ್ರವಗಳ ಪದರ ಬೇರ್ಪಡಿಸುವ ಸೆಪರೇಟಿಂಗ್ ಫನೆಲ್ಲಿಗೆ ಹಾಕಿ ಕುಲುಕಿದರೆ ಎರಡು ಪದರವಾಗುವ ಬದಲು ಮಜ್ಜಿಗೆಯ ಹಾಗೆ ಕಲಸಿಕೊಂಡು ನಿಲ್ಲುತ್ತಿತ್ತು. ಕಾಯುವುದೇ ಕೆಲಸ.

ಕೊನೆಗೂ ಸ್ಟೆರಾಲ್ ಪತ್ತೆಹಚ್ಚುವ ಲೀಬರ್‌ಮನ್-ಬುರ್ಖಾರ್ಡ್ ಪರೀಕ್ಷೆಗೆ ಹಸಿರು ತೋರಿಸಿದ ಒಂದು ಫ್ರಾಕ್ಷನ್ (ಬೇರ್ಪಡಿಸಿದ ಪಾಲು) ಸಿಕ್ಕಿತು. ಅಣು ಮತ್ತು ಅದರ ತುಣುಕುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ಮಿನಲ್ಲಿ ಇಡೀ ಅಣುವಿನ 412, ಜೊತೆಗೆ ಅದರ ಸೈಡ್ ಚೈನ್ ಮುರಿದಾಗ ಬರುವ 314: ಕಂದು ಪಾಚಿಗಳ ಮಾಮೂಲಿ ಸ್ಟೆರಾಲ್ ಆದ ಫ್ಯೂಕೋಸ್ಟೆರಾಲ್. ಹೊಸತೇನಲ್ಲ. ಆದರೂ ಮೇಡಂ ಅಷ್ಟಕ್ಕೇ ಬಿಡದೆ ತಮ್ಮ ಫೈಲಿನಿಂದ ಹಳೆಯ ಸ್ಪೆಕ್ಟ್ರಮ್ ಒಂದನ್ನು ತೆಗೆದು ಮುಂದಿಟ್ಟರು. ಎಲ್ಲಕ್ಕಿಂತ ಎತ್ತರದ ಪೀಕ್ 149ರಲ್ಲಿ. "ಇದು ಯಾರ ಮನೆಯದ್ದು ಮಾರಾಯ?" ನಾವು ಪಾಚಿಯದ್ದೆಂದೆವು. "ಅಲ್ಲ, ಪ್ಲಾಸ್ಟಿಕ್ಕಿನದ್ದು. ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ಥ್ಯಾಲೇಟ್. ಟ್ಯೂಬಿನಿಂದ ಸಾಲ್ವೆಂಟಿಗೆ ಇಳಿದದ್ದು." ಅಂದಿನಿಂದ ನಮ್ಮ ಬೆಂಚಿನಲ್ಲಿ ಗಾಜು ಮಾತ್ರ.

ಕಡಲಜೀವಿಗಳ ಔಷಧಗಳ ಕುರಿತ ಅವರ ಪಾಠವೂ ಈ ಪ್ರಶ್ನೆಯ ಸುತ್ತಲೇ. ಜಪಾನಿನಲ್ಲಿ 600 ಕೆ.ಜಿ. ಸ್ಪಂಜಿನಿಂದ ಸಿಕ್ಕ ಹ್ಯಾಲಿಕಾಂಡ್ರಿನ್-ಬಿ ಎಂಬ ಸಂಯುಕ್ತ ಬರೀ 12.5 ಮಿಲಿಗ್ರಾಂ, ಅದರ ರಚನೆಯ ಜಾಡಿನಲ್ಲೇ ಎರಿಬುಲಿನ್ ಎಂಬ ಕ್ಯಾನ್ಸರ್ ಔಷಧ ಬಂತು. ಇನ್ನೊಂದು ಔಷಧ ಟ್ರಾಬೆಕ್ಟೆಡಿನ್ ಸಿಕ್ಕಿದ್ದು ಕೆರಿಬಿಯನ್ನಿನ ಒಂದು ಅಸಿಡಿಯನ್ನಿನಲ್ಲಿ (ಬಂಡೆಗೆ ಅಂಟಿ ಬದುಕುವ ಚೀಲದಂಥ ಕಡಲಜೀವಿ), ಅದನ್ನು ತಯಾರಿಸುವುದು ಮಾತ್ರ ಅದರೊಳಗೆ ಬಿಡಾರ ಹೂಡಿದ ಬ್ಯಾಕ್ಟೀರಿಯಾ. ಬಾಡಿಗೆದಾರನ ಸೊತ್ತಿಗೆ ಮನೆಯವನ ಹೆಸರು!

ಈಗಿನ ವಿದ್ಯಾರ್ಥಿಗಳಿಗೆ ಒಂದು ವಿಷಯ ಹೇಳಬೇಕು. ನಾವು ಅರೆದ ಪ್ರತಿ ಪಾಚಿಯ ಒಂದೊಂದು ಗೆಲ್ಲನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಜಾಗ, ತಾರೀಕು, ಇಳಿತದ ಹೊತ್ತು ಬರೆದು ಬಾಟನಿ ವಿಭಾಗಕ್ಕೆ ಕೊಟ್ಟಿದ್ದೆವು. ಪಾಚಿ ಯಾವ ಪ್ರಭೇದವೆಂಬ ಸಂಶಯವಿದ್ದಲ್ಲಿ ಹೆಸರನ್ನು ಪೆನ್ಸಿಲಿನಲ್ಲೇ ಬರೆಯಿರಿ ಎಂದಿದ್ದರು ಮೇಡಂ. ಆ ಹಾಳೆಗಳಿಗೆ ಹುಳ ಹಿಡಿಯದೆ ಉಳಿದಿದ್ದರೆ, ಗೊತ್ತಿದ್ದವರು ಯಾರಾದರೂ ನೋಡಿ ಹೆಸರನ್ನು ಶಾಯಿಯಲ್ಲಿ ಬರೆಯಿರಿ.