ಮೌನಕ್ಕೂ ಬೆಲೆ ಇರುವ ಕೋಣೆ: ನ್ಯೂಕಾಸಲ್ ಕಿರುಚಿತ್ರದ ಕೆಲಸ ಎಲ್ಲಿಗೆ ಬಂತು

ಫೆಬ್ರವರಿ ಆರಂಭ

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ತೆಗೆಯುತ್ತಿರುವ ನಮ್ಮ ಕಿರುಚಿತ್ರದ ಕಥೆ ನಡೆಯುವ ವರ್ಷ ಕೊನೆಗೂ ಗಟ್ಟಿಯಾಯಿತು: 1996. ಮೊದಲ ಕರಡಿನಲ್ಲಿ 1992 ಅಂತಿತ್ತು. ನಾಲ್ಕು ವರ್ಷ ಮುಂದಕ್ಕೆ ಸರಿಸಿದ್ದಕ್ಕೆ ಕಾರಣ ಕಾನೂನು. ಇಡೀ ಚಿತ್ರ ನಿಂತಿರುವುದೇ ಅದರ ಮೇಲೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮುಕ್ಕಾಲು ಭಾಗ ಚಿತ್ರ ಪೊಲೀಸ್ ಠಾಣೆಯ ವಿಚಾರಣಾ ಕೋಣೆಯಲ್ಲೇ ನಡೆಯುತ್ತದೆ. ಗುಜರಿ ಅಂಗಳವೊಂದರ ಕಾವಲುಗಾರ ಸತ್ತಿದ್ದಾನೆ. ಹತ್ತೊಂಬತ್ತರ ಹುಡುಗನೊಬ್ಬನನ್ನು ಹಿಡಿದು ತಂದಿದ್ದಾರೆ. ಕೊಂದವನು ಅವನ ಅಣ್ಣ, ಅದು ಇವನಿಗೂ ಗೊತ್ತು. ಪಕ್ಕದಲ್ಲಿ ಡ್ಯೂಟಿ ಸಾಲಿಸಿಟರ್, ಅಂದರೆ ಆರೋಪಿಗೆ ಪುಕ್ಕಟೆಯಾಗಿ ಸಿಗುವ ವಕೀಲ, ‘ಬಾಯಿ ಬಿಡಬೇಡ’ ಅಂದಿದ್ದಾನೆ. ಎದುರಿಗೆ ಡಿಟೆಕ್ಟಿವ್ ಸಾರ್ಜೆಂಟ್, ಐವತ್ತು ದಾಟಿದ ಹೆಂಗಸು. ಗನ್ ಇಲ್ಲ, ಚೇಸ್ ಇಲ್ಲ, ಯಾರೂ ಮೇಜು ಗುದ್ದುವುದಿಲ್ಲ.

1995ರವರೆಗೆ ಇಂಗ್ಲೆಂಡಿನ ಪೊಲೀಸರು ಆರೋಪಿಗೆ ಕೊಡುತ್ತಿದ್ದ ಎಚ್ಚರಿಕೆ ಸರಳವಾಗಿತ್ತು: ಇಷ್ಟವಿಲ್ಲದಿದ್ದರೆ ಏನೂ ಹೇಳಬೇಕಾಗಿಲ್ಲ, ಹೇಳಿದರೆ ಅದು ಸಾಕ್ಷ್ಯವಾಗಬಹುದು. 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆ ಇದರ ನಡುವೆ ಹೊಸದೊಂದು ಮಾತು ಸೇರಿಸಿತು. ಮುಂದೆ ಕೋರ್ಟಿನಲ್ಲಿ ಯಾವುದನ್ನು ನೆಚ್ಚಿಕೊಳ್ಳುತ್ತೀಯೋ ಅದನ್ನು ಈಗ ಕೇಳಿದಾಗ ಹೇಳದೆ ಹೋದರೆ, ನಿನ್ನ ವಾದಕ್ಕೇ ಪೆಟ್ಟು ಬೀಳಬಹುದು. ಮೌನವೊಂದರಿಂದಲೇ ಶಿಕ್ಷೆ ಕೊಡುವಂತಿಲ್ಲ, ನಿಜ. ಆದರೆ ಜ್ಯೂರಿ ಆ ಮೌನದಿಂದ ತನ್ನದೇ ತೀರ್ಮಾನಕ್ಕೆ ಬರಬಹುದು. 1992ರಲ್ಲಿ ಈ ಹುಡುಗ ಸುಮ್ಮನಿದ್ದರೆ ಅದು ಅವನ ಹಕ್ಕು, ಅಷ್ಟೇ. 1996ರಲ್ಲಿ ಸುಮ್ಮನಿದ್ದರೆ ಅಣ್ಣನಿಗಾಗಿ ತನ್ನನ್ನು ಪಣಕ್ಕಿಟ್ಟ ಹಾಗೆ. ನನಗೆ ಬೇಕಾದದ್ದು ಈ ಎರಡನೆಯದು.

ಸ್ಕ್ರಿಪ್ಟ್ ಓದಿದ ಧಾರವಾಡದ ಗೆಳೆಯರಿಗೆ ಒಂದು ಅನುಮಾನ ಬಂತು: ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವಲ್ಲ? ಅದು ನಮ್ಮಲ್ಲಿ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ನಿನಿಂದ ಬಂದ ನಿಯಮ, ಹೊಸ ಕಾಯ್ದೆಯಲ್ಲೂ ಉಳಿದಿದೆ. ಇಲ್ಲಿ ಹಾಗಲ್ಲ. ಟೇಪಿಗೆ ಬಿದ್ದ ಮಾತು ಸಾಕ್ಷ್ಯವಾಗಿ ಕೋರ್ಟಿಗೆ ಹೋಗಬಹುದು. ಬ್ರಿಟಿಷ್ ಕ್ರೈಮ್ ಕಥೆಗಳಲ್ಲಿ ಆ ಸಣ್ಣ ಕೋಣೆಗೆ ಅಷ್ಟು ಭಾರ ಬಂದದ್ದು ಅಲ್ಲಿಂದ ಅಂತ ನನ್ನ ಎಣಿಕೆ.

ಫೆಬ್ರವರಿ ನಡುವೆ

ಸೆಟ್ ನಿಂತಿತು. ಖಾಲಿ ಬಿದ್ದಿದ್ದ ಒಂದು ಆಫೀಸ್ ಕೋಣೆಗೆ ಕೊಳೆ ಹಿಡಿದ ಕೆನೆ ಬಣ್ಣ ಬಳಿದೆವು. ಗೋಡೆಗೆ ಗಡಿಯಾರ, ಮೇಲೆ ಎರಡು ಟ್ಯೂಬ್‌ಲೈಟ್. ಇಲ್ಲಿಯ ವಿದ್ಯುತ್ತೂ ನಮ್ಮಲ್ಲಿಯಂತೆ 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, 1/50 ಶಟರ್ ಇಟ್ಟರೆ ಹಳೇ ಟ್ಯೂಬ್ ಕೂಡ ಮಿಣುಕುವುದಿಲ್ಲ. ಬೆಳಕಿನ ವಿಷಯ ಇಷ್ಟಕ್ಕೇ ಮುಗಿಯಿತು, ಬೇರೆ ದೀಪ ಬೇಡ ಎಂದು ಛಾಯಾಗ್ರಾಹಕಿಯೇ ಹೇಳಿದಳು. ಗಡಿಯಾರ ಮಾತ್ರ ಬೇಕೇ ಬೇಕು. 1984ರ ಪೊಲೀಸ್ ಅಂಡ್ ಕ್ರಿಮಿನಲ್ ಎವಿಡೆನ್ಸ್ ಕಾಯ್ದೆಯ ಪ್ರಕಾರ ಆರೋಪ ಹೊರಿಸದೆ ಇಟ್ಟುಕೊಳ್ಳಲು ಸಾಮಾನ್ಯವಾಗಿ 24 ಗಂಟೆ. ಗಂಭೀರ ಅಪರಾಧವಾದರೆ ಸೂಪರಿಂಟೆಂಡೆಂಟ್ ಅದನ್ನು 36ಕ್ಕೆ ಏರಿಸಬಹುದು, ಅದರಾಚೆಗೆ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕು. ಸಾರ್ಜೆಂಟ್ ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಅವಳಿಗೂ ಅವಸರವಿದೆ ಅಂತ ತಿಳಿಯುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಕ್ಯಾಸೆಟ್ ರೆಕಾರ್ಡರ್. ಆಗಿನ ಠಾಣೆಗಳಲ್ಲಿ ಒಟ್ಟಿಗೆ ಎರಡು ಕ್ಯಾಸೆಟ್ ಓಡುತ್ತಿದ್ದವು. ಸೀಲ್ ಒಡೆಯದ ಹೊಸ ಟೇಪುಗಳನ್ನು ಆರೋಪಿಯ ಕಣ್ಣೆದುರೇ ಬಿಚ್ಚಬೇಕು. ಬಟನ್ ಒತ್ತಿದರೆ ಉದ್ದಕ್ಕೆ ಒಂದು ‘ಬಝ್’ ಸದ್ದು, ಅದು ನಿಲ್ಲುವವರೆಗೆ ಯಾರೂ ಮಾತಾಡುವಂತಿಲ್ಲ. ಆಮೇಲೆ ತಾರೀಖು, ಸಮಯ, ಕೋಣೆಯಲ್ಲಿ ಯಾರ್ಯಾರು ಇದ್ದಾರೆ ಎಂಬ ವಿವರ. ಕೊನೆಗೆ ಒಂದು ಟೇಪಿಗೆ ಸೀಲ್ ಹಾಕಿ, ಲೇಬಲ್ ಮೇಲೆ ಆರೋಪಿಯ ಸಹಿ ಕೇಳುತ್ತಾರೆ.

ಈ ವಿಧಿಯನ್ನು ಪೂರ್ತಿ ಇಟ್ಟಿದ್ದೇನೆ, ಒಂದು ಸೆಕೆಂಡೂ ಕತ್ತರಿಸುವುದಿಲ್ಲ. ಬಝ್ ಕೇಳುವಷ್ಟು ಹೊತ್ತೂ ಕ್ಯಾಮೆರಾ ಹುಡುಗನ ಮೇಲೇ. ರಿಹರ್ಸಲ್‌ನಲ್ಲಿ ಆ ನಟ ಮೇಜಿನ ಮೇಲೆ ಬಿದ್ದಿದ್ದ ಕ್ಯಾಸೆಟ್ಟಿನ ಸೆಲ್ಲೋಫೇನ್ ಎತ್ತಿಕೊಂಡು ಹೆಬ್ಬೆರಳಿನಿಂದ ಮಡಿಸುತ್ತಾ ಹೋದ. ಅರ್ಧ, ಮತ್ತೆ ಅರ್ಧ, ಇನ್ನು ಮಡಿಸಲಾಗದ ಹಂತಕ್ಕೆ ಬಂದಾಗ ಅಂಗೈಯಲ್ಲಿ ಅಮುಕಿ ಹಿಡಿದ. ‘ನೋ ಕಾಮೆಂಟ್’ ಎನ್ನುವಾಗಲೆಲ್ಲ ಆ ಮುಷ್ಟಿ ಬಿಗಿಯುತ್ತಿತ್ತು. ಸ್ಕ್ರಿಪ್ಟಿನಲ್ಲಿ ಇಲ್ಲದ ಸಂಗತಿ, ಈಗ ಸ್ಕ್ರಿಪ್ಟಿಗೆ ಬಂದಿದೆ. ಚರಪರ ಸದ್ದು ಮೈಕಿಗೆ ಬೀಳುತ್ತದೆ ಎಂದು ಧ್ವನಿಯ ಹುಡುಗ ತಕರಾರು ತೆಗೆದ. ಬೀಳಲಿ ಅಂದೆ. ಇಷ್ಟು ಪ್ರಶ್ನೆಗಳಿಗೆ ಹುಡುಗನಿಂದ ಹೊರಬೀಳುವ ಉತ್ತರ ಅದೊಂದೇ.

ಸಾರ್ಜೆಂಟ್ ಪಾತ್ರಧಾರಿಗೆ ನಾನು ಕೇಳಿಕೊಂಡದ್ದು ಒಂದೇ: ಎಚ್ಚರಿಕೆಯ ಮಾತನ್ನು ಬೆದರಿಕೆಯ ಹಾಗೆ ಹೇಳಬೇಡಿ. ದಿನವೂ ಹೇಳಿ ಹೇಳಿ ಸವೆದ ಮಾತು ಅದು, ಬಸ್ ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದಂತೆ ಬರಲಿ. ಹಾಗೆ ಹೇಳಿದಾಗ ಆ ನಡುವಿನ ವಾಕ್ಯ ಎಷ್ಟು ತಣ್ಣಗೆ ಕೊರೆಯಿತು ಎಂದರೆ, ಮಾನಿಟರ್ ಮುಂದೆ ಇದ್ದವರೆಲ್ಲ ಸುಮ್ಮನಾದರು. ಸಂಭಾಷಣೆ ಜಾರ್ಡಿಯಲ್ಲೇ, ಅಂದರೆ ನ್ಯೂಕಾಸಲ್ ಸೀಮೆಯ ಆಡುಮಾತಿನಲ್ಲೇ ಇದೆ. ನಾನು ಪುಸ್ತಕದ ಇಂಗ್ಲಿಷಿನಲ್ಲಿ ಬರೆದದ್ದನ್ನು ಇಬ್ಬರೂ ನಟರು ಟೈನ್ ನದಿ ದಂಡೆಯ ಮಾತಿಗೆ ತಿರುಗಿಸಿದರು, ಒಂದೊಂದು ಸಾಲನ್ನೂ ಕೂತು ಒಪ್ಪಿಕೊಂಡೆವು.

ಮಾರ್ಚ್

ಕೋಣೆಯ ಭಾಗ ಪೂರ್ತಿ ಚಿತ್ರೀಕರಣವಾಗಿದೆ. ಉಳಿದದ್ದು ಒಂದೇ ಹೊರಾಂಗಣ ದೃಶ್ಯ: ಬಂಧನಕ್ಕೆ ಹಿಂದಿನ ರಾತ್ರಿ ಅಣ್ಣತಮ್ಮಂದಿರ ಭೇಟಿ.

ನ್ಯೂಕಾಸಲ್‌ನಲ್ಲಿ ಕ್ರೈಮ್ ಅಂದ ಕೂಡಲೇ ಇಲ್ಲಿಯವರೆಲ್ಲ 1971ರ ‘ಗೆಟ್ ಕಾರ್ಟರ್’ ನೆನೆಯುತ್ತಾರೆ. ಅದರಲ್ಲಿ ಕಾಣುವ, ನದಿಯಾಚೆಯ ಗೇಟ್ಸ್‌ಹೆಡ್ ಊರಿನ ಕಾಂಕ್ರೀಟ್ ಕಾರ್ ಪಾರ್ಕನ್ನು 2010ರಲ್ಲಿ ಕೆಡವಿದರು. ಆ ಚಿತ್ರದ ಮೇಲೆ ನನಗೂ ಅಭಿಮಾನವಿದೆ, ಆದರೆ ಅದರ ಜಾಡಿನಲ್ಲಿ ನಡೆಯಲು ಮನಸ್ಸಿಲ್ಲ.

ಮೊದಲು ಟೈನ್ ಬ್ರಿಜ್ ಬುಡದಲ್ಲಿ, ನದಿದಂಡೆಯ ಕೀಸೈಡ್‌ನಲ್ಲಿ ತೆಗೆಯೋಣವೆಂದಿದ್ದೆವು. ಆದರೆ ಈ ಹೊತ್ತಿಗೆ ಕಿಟ್ಟಿವೇಕ್ ಹಕ್ಕಿಗಳು ಸಮುದ್ರದಿಂದ ಬಂದು ಸೇತುವೆಯಲ್ಲಿ ಗೂಡಿಗೆ ಸೇರತೊಡಗುತ್ತವೆ. ಸಮುದ್ರದಿಂದ ಇಷ್ಟು ಒಳಗೆ ಗೂಡು ಕಟ್ಟುವ ಅವುಗಳ ಹಿಂಡು ಜಗತ್ತಿನಲ್ಲೇ ಬೇರೆಲ್ಲೂ ಇಲ್ಲ. ಕೇಳಲು ಬಲು ಚೆಂದ. ಆದರೆ ನಮ್ಮ ಕಥೆ ನಡೆಯುವುದು ನವೆಂಬರಿನಲ್ಲಿ, ಆಗ ಅವು ಇಲ್ಲಿರುವುದಿಲ್ಲ. ಪಿಸುಮಾತಿನ ಸಂಭಾಷಣೆಯ ಹಿಂದೆ ಆ ಕೂಗು ಬಿದ್ದರೆ ಅಳಿಸುವುದೂ ಕಷ್ಟ.

ಹಾಗಾಗಿ ದೃಶ್ಯ ಹೈ ಲೆವೆಲ್ ಬ್ರಿಜ್‌ಗೆ ಹೋಯಿತು. ರಾಬರ್ಟ್ ಸ್ಟೀಫನ್‌ಸನ್ ಕಟ್ಟಿದ, 1849ರ ಸೇತುವೆ. ಮೇಲೆ ರೈಲು, ಕೆಳಗೆ ರಸ್ತೆ, ಎರಡೂ ಪಕ್ಕ ಕಾಲುದಾರಿ. ಈಗ ರಸ್ತೆಯಲ್ಲಿ ಬಸ್ಸು, ಟ್ಯಾಕ್ಸಿ ಬಿಟ್ಟರೆ ಬೇರೆ ವಾಹನಗಳಿಲ್ಲ, ಅದರಿಂದ ನಮ್ಮ ಕೆಲಸ ಹಗುರ. ಕ್ಯಾಮೆರಾ ಮಾತ್ರ ಪಶ್ಚಿಮಕ್ಕೇ ಮುಖ ಮಾಡಿರಬೇಕು. ಪೂರ್ವಕ್ಕೆ ತಿರುಗಿದರೆ 2001ರ ಮಿಲೇನಿಯಂ ಬ್ರಿಜ್, 2004ರ ಗಾಜಿನ ಸಂಗೀತ ಭವನ ಫ್ರೇಮಿಗೆ ನುಗ್ಗುತ್ತವೆ. ಪಶ್ಚಿಮಕ್ಕೆ ಕಾಣುವ ಸೇತುವೆಗಳಲ್ಲಿ 1981ರ ಮೆಟ್ರೋ ಸೇತುವೆ, 1983ರ ರೆಡ್‌ಹ್ಯೂ ಇವೇ ಹೊಸವು. 1996ಕ್ಕೆ ಯಾವ ಆತಂಕವೂ ಇಲ್ಲ.

ಆಗಿನ ಬೀದಿದೀಪದ ಸೋಡಿಯಂ ಕಿತ್ತಳೆ ಬೆಳಕು ಈಗ ಎಲ್‌ಇಡಿಗಳ ನಡುವೆ ಅಪರೂಪ. ನಮ್ಮ ದೀಪಗಳಿಗೆ ಲೀ ಕಂಪನಿಯ 652, ಅರ್ಬನ್ ಸೋಡಿಯಂ ಜೆಲ್, ಅಂದರೆ ದೀಪದ ಮುಂದಿಡುವ ಬಣ್ಣದ ಹಾಳೆ ಹಾಕಿ ಪರೀಕ್ಷಿಸಿದೆವು. ಕಬ್ಬಿಣದ ಕಂಬಗಳ ಮೇಲೆ ಬಣ್ಣ ಸರಿಯಾಗಿ ಕೂತಿತು, ಮುಖದ ಮೇಲೆ ಕೊಂಚ ಹೆಚ್ಚಾಯಿತು. ಅಣ್ಣನನ್ನು ಕಂಬದ ನೆರಳಿಗೆ ಸರಿಸಿದ್ದೇವೆ. ತಮ್ಮ ಪೂರ್ತಿ ಆ ಬಣ್ಣದಲ್ಲೇ ಇರಲಿ.

ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆಮೇಲೆ ಕತ್ತಲಾಗುವ ಹೊತ್ತಿಗೆ ಏಳೂವರೆ ದಾಟಿರುತ್ತದೆ, ಕೊನೆಯ ಮೆಟ್ರೋ ಹಿಡಿಯಬೇಕಾದ ತಂಡಕ್ಕೆ ಒಂದು ಗಂಟೆ ಖೋತಾ. ಆದ್ದರಿಂದ ಅದಕ್ಕೆ ಮುಂಚೆಯೇ ಸೇತುವೆ ಮುಗಿಸಬೇಕು. ಅನುಮತಿ, ವಿಮೆಯ ಕಾಗದ ಕೈಯಲ್ಲಿವೆ. ಸಂಕಲನದಲ್ಲಿ ಇನ್ನೊಂದು ಪ್ರಯೋಗ ನಡೆದಿದೆ: ಕೊನೆಯ ಪ್ರಶ್ನೆಗಳನ್ನು ನಿಜವಾದ ಕ್ಯಾಸೆಟ್ಟಿಗೆ ಇಳಿಸಿ, ಮತ್ತೆ ಅಲ್ಲಿಂದ ಎತ್ತಿಕೊಳ್ಳುವುದು. ಜ್ಯೂರಿಗೆ ಕೇಳಿಸುವ ಧ್ವನಿಯೇ ಪ್ರೇಕ್ಷಕರಿಗೂ ಕೇಳಿಸಬೇಕು ಅಂತ ಆಸೆ. ಟೇಪಿನ ಹಿಸ್ ಈಗ ತುಸು ಜೋರು, ಹುಡುಗನ ಉಸಿರು ಮುಚ್ಚಿಹೋಗುತ್ತಿದೆ. ಈ ವಾರ ಹಳೇ ಡೆಕ್ಕಿನ ಹೆಡ್ ಒರೆಸಿ, ರೆಕಾರ್ಡಿಂಗ್ ಮಟ್ಟ ಏರಿಸಿ ಮತ್ತೆ ಇಳಿಸಿ ನೋಡುತ್ತೇವೆ.