ಕಾರ್ಡಿಗೆ ಡ್ರಾಯಿಂಗ್ ಶೀಟ್ ಸಾಕಲ್ವಾ ಮಾರಾಯ್ರೇ?

ಕೈಯಲ್ಲೇ ಬಣ್ಣ ಹಚ್ಚಿದ ಗ್ರೀಟಿಂಗ್ ಕಾರ್ಡ್ ಕೊಟ್ಟರೆ ಜನ ಮೊದಲು ಚಿತ್ರ ನೋಡುತ್ತಾರೆ. ಆಮೇಲೆ ಹೆಬ್ಬೆರಳಲ್ಲಿ ಕಾಗದವನ್ನು ಸವರಿ ನೋಡುತ್ತಾರೆ. ಆಮೇಲೆ ಇದೇ ಪ್ರಶ್ನೆ: "ಇದಕ್ಕೆ ಇಷ್ಟು ದಪ್ಪದ ದುಬಾರಿ ಪೇಪರ್ ಎಂತಕ್ಕೆ? ಮಕ್ಕಳ ಡ್ರಾಯಿಂಗ್ ಶೀಟ್ ಸಾಕಲ್ವಾ?"

ಕ್ರೇಯಾನ್, ಸ್ಕೆಚ್ ಪೆನ್ ಆದರೆ ಸಾಕು. ವಾಟರ್ ಕಲರ್ ಆದರೆ ಸಾಲದು. ಮಂಗಳೂರಿನಲ್ಲೋ ಉಡುಪಿಯಲ್ಲೋ ಕೂತು ಮಾಡುವುದಾದರೆ ಖಂಡಿತ ಸಾಲದು. ದುಡ್ಡು ಉಳಿಸಬೇಕಾ? ಬಣ್ಣದಲ್ಲಿ ಉಳಿಸಿ, ಬ್ರಶ್ಶಿನಲ್ಲಿ ಉಳಿಸಿ. ಶಾಲೆ ಮಕ್ಕಳ ಕ್ಯಾಮೆಲ್ ಕೇಕ್ ಬಣ್ಣದಲ್ಲೂ ಒಳ್ಳೆಯ ಕಾರ್ಡ್ ಆಗುತ್ತದೆ. ಕಾಗದದಲ್ಲಿ ಮಾತ್ರ ಚೌಕಾಸಿ ಬೇಡ.

ಕಾರಣ ನೀರು. ಕಾಗದದ ನಾರು ನೀರು ಕುಡಿದು ಉಬ್ಬುತ್ತದೆ. ತೆಳು ಹಾಳೆ ಅಲ್ಲಲ್ಲಿ ಏಳುತ್ತದೆ, ಬಣ್ಣ ಹರಿದು ಆ ತಗ್ಗುಗಳಲ್ಲಿ ನಿಲ್ಲುತ್ತದೆ. ಅದಕ್ಕೇ 300 ಜಿಎಸ್‌ಎಂ ಬೇಕು ಅನ್ನುವುದು. ಅಂದರೆ ಒಂದು ಚದರ ಮೀಟರ್ ಕಾಗದಕ್ಕೆ 300 ಗ್ರಾಂ ತೂಕ. ಆದರೆ ದಪ್ಪ ಒಂದೇ ಸಾಲದು. ಮದುವೆ ಕಾಗದದ ದಪ್ಪ ಕಾರ್ಡ್ ಶೀಟ್ ಮೇಲೆ ನೀರು ಬಣ್ಣ ಹಚ್ಚಿ ನೋಡಿ, ಎರಡನೇ ಸಲ ಬ್ರಶ್ ಎಳೆಯುವಾಗ ಮೇಲ್ಪದರ ಕಿತ್ತು ಬರುತ್ತದೆ. ವಾಟರ್ ಕಲರ್ ಕಾಗದಕ್ಕೆ ತಯಾರಿಸುವಾಗಲೇ ಜೆಲಟಿನ್ನೋ ಬೇರೆ ಅಂಟೋ ಸೇರಿಸಿರುತ್ತಾರೆ, ಬಟ್ಟೆಗೆ ಗಂಜಿ ಹಾಕಿದ ಹಾಗೆ. ಇದೇ ಸೈಜಿಂಗ್. ಬಣ್ಣ ತಟ್ಟನೆ ಒಳಗೆ ಇಳಿಯದೆ ಸ್ವಲ್ಪ ಹೊತ್ತು ಮೇಲೆಯೇ ಉಳಿಯುವುದು ಇದರಿಂದ. ಆ ಸ್ವಲ್ಪ ಹೊತ್ತಿನಲ್ಲೇ ನಮ್ಮ ಕೆಲಸವೆಲ್ಲ ನಡೆಯಬೇಕು.

ಈಗ ನಮ್ಮೂರಿನ ಕಥೆಗೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಕಾಗದವನ್ನು ಬಿಡುತ್ತದಾ? ತೇವ ಕುಡಿದು ಕೂತ ಹಾಳೆಯಲ್ಲಿ ಸೈಜಿಂಗ್ ಹಾಳಾಗುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ. ಬಣ್ಣ ಹಚ್ಚಿದ ಕೂಡಲೇ ಬ್ಲಾಟಿಂಗ್ ಪೇಪರಿನಂತೆ ಚುಕ್ಕೆ ಚುಕ್ಕೆಯಾಗಿ ಹೀರಿಕೊಳ್ಳುತ್ತದೆ, ಆಗ ಗೊತ್ತಾಗುವುದು. ಆದ್ದರಿಂದ ಮಳೆಗಾಲಕ್ಕೆ ಮೊದಲೇ ಹಾಳೆಗಳನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಸುತ್ತಿಡಿ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಹಳೆ ಹಾಳೆ ತೆಗೆದರೆ ಮೂಲೆಗೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮೇಲೆಯೇ ಕೂತರೆ ಸರಿ ಇದೆ. ತಕ್ಷಣ ಇಂಗಿದರೆ ಆ ಹಾಳೆ ಪೆನ್ಸಿಲ್ ಕೆಲಸಕ್ಕೆ.

ಮಳೆಗಾಲದಲ್ಲಿ ಕಾರ್ಡ್ ಮಾಡಲೇಬಾರದು ಅಂತಲ್ಲ. ಬಣ್ಣ ಬೇಗ ಒಣಗುವುದಿಲ್ಲ ಅನ್ನುವುದು ಕೆಲವು ಚಿತ್ರಗಳಿಗೆ ಅನುಕೂಲವೇ. ಆಟಿ ತಿಂಗಳ ಮೋಡ, ಬೂದು ಬಣ್ಣದ ಸಮುದ್ರ, ಇವೆಲ್ಲ ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಬಿಟ್ಟು ಮಾಡುವಂಥವು, ನಿಧಾನ ಒಣಗಿದಷ್ಟೂ ಚೆಂದ. ಪದರದ ಮೇಲೆ ಪದರ ಬೇಕಾದ ಚಿತ್ರಗಳನ್ನು ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಕ್ರಿಸ್ಮಸ್ ಕಾರ್ಡಿಗೆ ನವೆಂಬರ್ ಹೇಳಿ ಮಾಡಿಸಿದ ತಿಂಗಳು. ಸೆಪ್ಟೆಂಬರ್ 8ಕ್ಕೆ ಬರುವ ಕರಾವಳಿ ಕ್ರೈಸ್ತರ ತೆನೆ ಹಬ್ಬ, ಮೊಂತಿ ಹಬ್ಬಕ್ಕೆ ತೆನೆಯ ಚಿತ್ರ ಬೇಕಾದರೆ ಮಾತ್ರ ಮಳೆಯಲ್ಲೇ ಒದ್ದಾಡಬೇಕು. ಹೇರ್ ಡ್ರೈಯರ್ ಹಿಡಿಯುವುದಾದರೆ ಒದ್ದೆಯ ಹೊಳಪು ಹೋದ ಮೇಲೆ ಹಿಡಿಯಿರಿ, ಇಲ್ಲದಿದ್ದರೆ ಗಾಳಿ ಬಣ್ಣವನ್ನು ತಳ್ಳಿಕೊಂಡು ಹೋಗುತ್ತದೆ. ಅಂಚಿಗೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಕಾಗದ ಪೂರ್ತಿ ಒಣಗುವ ತನಕ ಕೀಳಬೇಡಿ, ಕಾಗದದ ಚರ್ಮ ಸಮೇತ ಬರುತ್ತದೆ.

ಮೇಲ್ಮೈಯಲ್ಲಿ ಮೂರು ಬಗೆ ಇದೆ. ಹಾಟ್ ಪ್ರೆಸ್ ನುಣುಪು, ಕೋಲ್ಡ್ ಪ್ರೆಸ್ ಸ್ವಲ್ಪ ತರಿ, ರಫ್ ಪೂರ್ತಿ ತರಿ. ಹೊಸಬರಿಗೆ ಕೋಲ್ಡ್ ಪ್ರೆಸ್ ಅನ್ನುತ್ತಾರೆ ಎಲ್ಲರೂ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಹಂಚಿನ ಮಾಡಿನ ಮನೆ ಬಿಡಿಸುವ ಆಸೆ ಇದ್ದರೆ ಒಮ್ಮೆ ರಫ್ ನೋಡಿ. ನೀರು ಕಡಿಮೆ ಇರುವ ಬ್ರಶ್ಶನ್ನು ಅಡ್ಡ ಹಿಡಿದು ಎಳೆದರೆ ಬಣ್ಣ ಉಬ್ಬುಗಳಿಗೆ ಮಾತ್ರ ಹತ್ತುತ್ತದೆ, ತಗ್ಗುಗಳಲ್ಲಿ ಬಿಳಿ ಉಳಿಯುತ್ತದೆ. ಮಳೆ ತಿಂದ ಹಂಚು, ಮುರಕಲ್ಲಿನ ಗೋಡೆ ತಾನಾಗಿ ಬಂದುಬಿಡುತ್ತವೆ. ಇನ್ನು ಶಂಕರಪುರ ಮಲ್ಲಿಗೆ. ಬಿಳಿ ಬಣ್ಣ ಹಚ್ಚಿ ಮಲ್ಲಿಗೆ ಮಾಡಬೇಡಿ ಅಂತ ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೂವಿನ ಜಾಗ ಬಿಟ್ಟು ಸುತ್ತಲಿನ ಹಸಿರನ್ನು ಹಚ್ಚಿ. ಕಾಗದದ ಬಿಳಿಯೇ ಹೂವು. ಡ್ರಾಯಿಂಗ್ ಶೀಟಿನಲ್ಲಿ ಆ ಹಸಿರು ಗಡಿ ದಾಟಿ ಒಳಗೆ ನುಗ್ಗುತ್ತದೆ.

ಮಡಚಿದ ಖಾಲಿ ಕಾರ್ಡುಗಳ ಪ್ಯಾಕ್ ಲಕೋಟೆ ಸಮೇತ ಸಿಗುತ್ತದೆ, ಆನ್‌ಲೈನಲ್ಲಿ ವಿದೇಶದ್ದೂ ಬರುತ್ತದೆ. ಉಡುಗೊರೆ ಕೊಡಲು ಒಳ್ಳೆಯದು. ಮಾಡುವವರಿಗೆ ಪೂರ್ತಿ ಹಾಳೆಯೇ ಲಾಭ. ಪೂರ್ತಿ ಹಾಳೆ ಅಂದರೆ 22 ಇಂಚು ಅಗಲ, 30 ಇಂಚು ಉದ್ದ. ಅದನ್ನು ಎಂಟು ಸಮಭಾಗ ಮಾಡುವುದು ಸುಲಭ. ಆದರೆ ಒಂದು ತುಂಡು ಸುಮಾರು 16 ಗ್ರಾಂ ತೂಗುತ್ತದೆ. ಅಂಚೆಯಲ್ಲಿ ಮೊದಲ ದರ 20 ಗ್ರಾಂ ತನಕ. ಆ ಅಳತೆಯ ಲಕೋಟೆ ಸೇರಿದರೆ ಮೀರಿ ಹೋಗುತ್ತದೆ. ಅದಕ್ಕೆ ನಾನು ಎ5 ಅಳತೆಗೆ ಕತ್ತರಿಸುತ್ತೇನೆ. ಮಡಚಿದರೆ ಎ6 ಕಾರ್ಡ್, ತೂಕ 9 ಗ್ರಾಂ ಚಿಲ್ಲರೆ, ಸಿ6 ಲಕೋಟೆಯಲ್ಲಿ ಆರಾಮಾಗಿ ಕೂರುತ್ತದೆ.

ಕತ್ತರಿಸುವ ಮೊದಲು ಹಾಳೆಯನ್ನು ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ. ಒಂದು ಕಡೆ ಸುಲಭವಾಗಿ ಬಗ್ಗುತ್ತದೆ. ಆಗ ಬಾಗಿನ ಗೆರೆ ಯಾವ ದಿಕ್ಕಿಗಿದೆಯೋ ನಾರೂ ಅದೇ ದಿಕ್ಕಿಗೆ. ಮಡಿಕೆ ಅದಕ್ಕೆ ಸಮಾನಾಂತರವಾಗಿ ಬಂದರೆ ಬಿರಿಯುವುದಿಲ್ಲ. ನಾರು ಹಾಳೆಯ ಉದ್ದಕ್ಕಿದ್ದರೆ ಹತ್ತು ಕಾರ್ಡ್ ಸಿಗುತ್ತವೆ, ಅಗಲಕ್ಕಿದ್ದರೆ ಒಂಬತ್ತು. ಕೈಕಾಗದಕ್ಕೆ ಈ ತಲೆನೋವು ಇಲ್ಲ, ಅದರಲ್ಲಿ ನಾರು ಎಲ್ಲ ದಿಕ್ಕಿಗೂ ಇರುತ್ತದೆ. ಮಡಿಕೆಯ ಗೆರೆಯನ್ನು ರೀಫಿಲ್ ಮುಗಿದ ಬಾಲ್ ಪೆನ್ನಲ್ಲಿ ಒತ್ತಿ ಮೊದಲೇ ಎಳೆದಿಡಿ. ಚಿತ್ರ ಒಣಗಿದ ಮೇಲಷ್ಟೇ ಮಡಚಿ. ಕಾರ್ಡ್ ಸೊಟ್ಟಗಾಗಿದ್ದರೆ ಹಿಂಬದಿಗೆ ಸ್ವಲ್ಪ ನೀರು ಸವರಿ, ಬಿಳಿ ಕಾಗದದ ನಡುವೆ ಇಟ್ಟು ಭಾರದ ಪುಸ್ತಕ ಹೇರಿ.

"ಐವತ್ತು ಕಾರ್ಡ್ ಬೇಕು, ಒಂದೊಂದೇ ಬಿಡಿಸಲಾ?" ಅಂತಲೂ ಕೇಳುತ್ತಾರೆ. ಬೇಡ. ಕಪ್ಪು ಗೆರೆಯನ್ನು ಅಚ್ಚು ಹಾಕಿಸಿ ಬಣ್ಣವನ್ನು ಕೈಯಲ್ಲಿ ತುಂಬಿ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಮಾಡಿಸಿದ ಮೊದಲ ಕ್ರಿಸ್ಮಸ್ ಕಾರ್ಡ್ ಕೂಡ ಹಾಗೆಯೇ, ಕಲ್ಲಚ್ಚಿನ ಗೆರೆಗೆ ಕೈಬಣ್ಣ. ಅದೇ ವರ್ಷ ನಮ್ಮ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲೇ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ್ದರು ಅನ್ನುವುದು ಸುಮ್ನೆ ನನಗೆ ಖುಷಿ ಕೊಡುವ ವಿಷಯ. ಈಗ ಆ ಕೆಲಸಕ್ಕೆ ಲೇಸರ್ ಪ್ರಿಂಟ್ ಇದೆ. ಅದರ ಪುಡಿ ಶಾಯಿ, ಅಂದರೆ ಟೋನರ್, ನೀರಿಗೆ ಕರಗುವುದಿಲ್ಲ. ಮನೆಯ ಇಂಕ್‌ಜೆಟ್‌ನ ಶಾಯಿ ಹೆಚ್ಚಾಗಿ ಕದಡುತ್ತದೆ. 300 ಜಿಎಸ್‌ಎಂ ತೆಗೆದುಕೊಳ್ಳುವ ಮೆಷಿನ್ ಇದೆಯಾ ಅಂತ ಅಂಗಡಿಯಲ್ಲಿ ಮೊದಲೇ ಕೇಳಿ. ಈ ಕೆಲಸಕ್ಕೆ ಹಾಟ್ ಪ್ರೆಸ್ಸೇ ಬೇಕು, ತರಿ ಕಾಗದಕ್ಕೆ ಟೋನರ್ ಸರಿಯಾಗಿ ಹಿಡಿಯುವುದಿಲ್ಲ.

ಒಳಗೆ ಬರೆಯುವಾಗ ತರಿಯ ಮೇಲೆ ಪೆನ್ ಕುಣಿಯುತ್ತದೆ. ತೆಳು ಬಿಳಿ ಹಾಳೆಯಲ್ಲಿ ಬರೆದು ಒಳಗೆ ಅಂಟಿಸಿ. ಹಾಗೆಯೇ ವಿಳಾಸವನ್ನು ಫೌಂಟನ್ ಪೆನ್ನಲ್ಲಿ ಬರೆಯುವ ಶೋಕಿ ಮಳೆಗಾಲದಲ್ಲಿ ಬೇಡ, ಬಾಲ್ ಪೆನ್ ಸಾಕು. ಬರೆದ ಮೇಲೆ ಮೇಣದ ಬತ್ತಿಯನ್ನು ಒಮ್ಮೆ ಉಜ್ಜಿಬಿಟ್ಟರೆ ಪೋಸ್ಟ್‌ಮ್ಯಾನ್ ಚೀಲ ಒದ್ದೆಯಾದರೂ ಪಿನ್ ಕೋಡ್ ಓದಲು ಬರುತ್ತದೆ.