ಮೈಕ್ ಹಿಡಿದವನ ನಾಚಿಕೆ

"ಟೆರೇಸ್ ಮೇಲೆ ಆ ಹುಡುಗ ಕಿವಿ ಹತ್ರ ಏನೋ ಅಂದನಲ್ಲ, ಏನಂದ?"

ಸಿನಿಮಾ ಮುಗಿದು ಲೈಟ್ ಹಾಕಿದ ಮೇಲೆ ಹೀಗೆ ಕೇಳಿದವರು ಖಾನಾವಳಿ ಅಕ್ಕ ಒಬ್ಬರೇ. ಶೂಟಿಂಗ್ ನಡೆದ ಹನ್ನೆರಡು ದಿನವೂ ನಮಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ಕಳಿಸಿದವರು ಅವರು. ಬಂದಿದ್ದ ಉಳಿದ ಮೂವತ್ತು ಜನ ನಿರ್ದೇಶಕನ ಕೈ ಕುಲುಕುತ್ತಾ "ಧೈರ್ಯ ಮಾಡಿದ್ರಿ, ಭಾಳ ಧೈರ್ಯ ಮಾಡಿದ್ರಿ" ಅನ್ನುತ್ತಿದ್ದರು. ಅಕ್ಕ ಸೀದಾ ನನ್ನ ಹತ್ತಿರ ಬಂದರು. ಮೈಕ್ ಹಿಡಿದವನು ನಾನೇ ಅಂತ ಅವರಿಗೆ ಗೊತ್ತಿತ್ತು.

ಆ ಮಾತು ಏನು ಅಂತ ಹೇಳಿದೆ. "ಹೌದಾ? ನನಗೆ ಕೇಳಿಸ್ಲಿಲ್ಲಪ್ಪ" ಅಂದು ಚಪ್ಪಲಿ ಹುಡುಕಲು ಹೋದರು. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ನನ್ನದು ಬಳ್ಳಾರಿ. ಕೌಲ್ ಬಜಾರಿನಲ್ಲಿ ಒಂದು ಮಾಳಿಗೆ ರೂಮು, ಅದೇ ಸ್ಟುಡಿಯೋ. ಹದಿನಾಲ್ಕು ವರ್ಷದಿಂದ ಮದುವೆ, ಗೃಹಪ್ರವೇಶ, ಜಾತ್ರೆ, ಚುನಾವಣೆ ಬಂದರೆ ಸಭೆ, ಹೀಗೆ ವಿಡಿಯೋ ಮತ್ತು ಸೌಂಡ್ ಎರಡೂ ಮಾಡುತ್ತೇನೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ನಮ್ಮಂಥವರ ಕೈ ಖಾಲಿ. ಅಂಥ ಒಂದು ಆಷಾಢದಲ್ಲಿ ಗಂಗಾವತಿ ಕಡೆಯ ಹುಡುಗನೊಬ್ಬ ಬಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಉಳಿಸಿದ ಏಳು ಲಕ್ಷ ಕೈಯಲ್ಲಿತ್ತು. ಉಗ್ಗಾನಿ ಬಜ್ಜಿ ತಿನ್ನುತ್ತಾ ಕಥೆ ಹೇಳಿದ.

"ಅಣ್ಣಾ, ಲವ್ ಸ್ಟೋರಿ. ಇಬ್ಬರೂ ಹುಡುಗರೇ. ಮಾಡ್ತೀರಾ?"

ನನಗೇನು, ದುಡ್ಡು ಕೊಡುತ್ತಾನೆ, ಆಷಾಢ ಬೇರೆ. ಮಾಡ್ತೀನಿ ಅಂದೆ. ನಾನು ಅಂಥ ಹಳೇ ಕಾಲದವನಲ್ಲ ಅಂತ ನನ್ನ ಬಗ್ಗೆ ನನಗೇ ಒಂದು ಅಭಿಪ್ರಾಯವೂ ಇತ್ತು.

ಕಥೆ ಸಣ್ಣದು. ಒಬ್ಬ ಬಳ್ಳಾರಿಯ ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಕೆಲಸಗಾರ. ಇನ್ನೊಬ್ಬ ಗಂಗಾವತಿಯ ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವವ. ಪ್ರತಿ ಭಾನುವಾರ ಇವನು ಕಂಪ್ಲಿ ಮೇಲೆ ಬಸ್ ಹಿಡಿದು ಬರುತ್ತಾನೆ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ, ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ವಿಷಯ. ಸೇತುವೆ ಮುಳುಗುತ್ತದೆ, ಎರಡು ಭಾನುವಾರ ಅವನು ಬರುವುದಿಲ್ಲ, ಫೋನೂ ಇಲ್ಲ. ಮೂರನೇ ವಾರ ರಾತ್ರಿ ಬಂದು ನಿಲ್ಲುತ್ತಾನೆ. ಕೆಳಗೆ ಮನೆ ಮಾಲೀಕರು ಇದ್ದಾರೆ, ಹಾಗಾಗಿ ಇಬ್ಬರೂ ಟೆರೇಸಿಗೆ ಹೋಗುತ್ತಾರೆ. ತಬ್ಬಿಕೊಳ್ಳುತ್ತಾರೆ. ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಎರಡು ಪದ ಹೇಳುತ್ತಾನೆ. ಇಡೀ ಸಿನಿಮಾ ನಿಂತಿರುವುದು ಆ ಎರಡು ಪದದ ಮೇಲೆ.

ಇಂಥ ಕಥೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಹುಡುಗ ಹುಡುಗಿ ಪ್ರೀತಿ ಆದರೆ ಬೆಟ್ಟದ ಮೇಲೆ ನಿಂತು ಹೆಸರು ಕೂಗಿಸಬಹುದು, ಹಾಡು ಹಾಕಬಹುದು. ಇವರದ್ದೆಲ್ಲ ಮೆಲುದನಿ. ಬಸ್ ಸ್ಟ್ಯಾಂಡಿನಲ್ಲಿ ಮೆಲ್ಲಗೆ, ಫೋನಿನಲ್ಲಿ ಮೆಲ್ಲಗೆ, ಮೆಟ್ಟಿಲ ಮೇಲೆ ಮೆಲ್ಲಗೆ. ಅಂದರೆ ಪ್ರೀತಿ ಇರುವುದೇ ನನ್ನ ಡಿಪಾರ್ಟ್‌ಮೆಂಟಿನಲ್ಲಿ. ಕ್ಯಾಮೆರಾ ಸ್ವಲ್ಪ ಅಲುಗಾಡಿದರೆ, ಚಿತ್ರ ಕಪ್ಪಾದರೆ ನೋಡುವವರು ಸಹಿಸುತ್ತಾರೆ. ಕಡಿಮೆ ದುಡ್ಡಿನ ಸಿನಿಮಾ ಹೀಗೇ ಇರುತ್ತೆ, ಅದೊಂದು ಸ್ಟೈಲ್ ಅಂತ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಸಹಿಸುವುದಿಲ್ಲ. ಎರಡು ಸಲ ಕಿವಿ ಚಾಚುತ್ತಾರೆ, ಮೂರನೇ ಸಲ ಮೊಬೈಲ್ ತೆಗೆಯುತ್ತಾರೆ. ಇದೆಲ್ಲ ನನಗೆ ಶೂಟಿಂಗಿಗೆ ಮುಂಚೆ ಹೊಳೆಯಲಿಲ್ಲ.

ಟೆರೇಸ್ ಸೀನಿನ ರಾತ್ರಿ ಆಷಾಢದ ಗಾಳಿ ಬೀಸುತ್ತಿತ್ತು. ಮೈಕಿಗೆ ಕೂದಲಿನ ಟೋಪಿ ಹಾಕಿದೆ. ಪಕ್ಕದ ಓಣಿಯಲ್ಲಿ ಜೀನ್ಸ್ ಹೊಲಿಯುವ ಮಷೀನುಗಳು ಹತ್ತೂವರೆಗೆ ನಿಂತವು. ಅಷ್ಟರಲ್ಲಿ ಕರೆಂಟ್ ಹೋಗಿ ಯಾರದೋ ಜನರೇಟರ್ ಶುರುವಾಯಿತು. ಇಬ್ಬರ ಅಂಗಿಯೊಳಗೂ ಕಾಲರ್ ಮೈಕ್ ಇತ್ತು. ಆದರೆ ಎದೆಗೆ ಎದೆ ಕೊಟ್ಟು ತಬ್ಬಿಕೊಂಡರೆ ಕಾಲರ್ ಮೈಕ್ ಸತ್ತ ಹಾಗೆ. ಬಟ್ಟೆ ಉಜ್ಜುವ ಕರಕರ ಸದ್ದು ಬಿಟ್ಟು ಏನೂ ಸಿಗುವುದಿಲ್ಲ. ಅಲ್ಲಿ ಬೂಮ್ ಒಂದೇ ಗತಿ, ಉದ್ದ ಕೋಲಿನ ತುದಿಗೆ ಮೈಕ್ ಕಟ್ಟಿ ಬಾಯಿಯ ಹತ್ತಿರ ಒಯ್ಯಬೇಕು. ಒಂದೂವರೆ ಅಡಿ ದೂರದಲ್ಲಿ ಹಿಡಿದರೆ ಚೆನ್ನ.

ನಾನು ಮೂರು ಅಡಿಗಿಂತ ಜಾಸ್ತಿ ದೂರದಲ್ಲಿ ಹಿಡಿದಿದ್ದೆ.

ಯಾಕೆ ಅಂತ ಕೇಳಿದರೆ ಅವತ್ತು "ಫ್ರೇಮಿಗೆ ಮೈಕ್ ಬರುತ್ತೆ" ಅಂತಿದ್ದೆ. ಸುಳ್ಳು. ಕ್ಯಾಮೆರಾ ಹುಡುಗ ಇನ್ನೂ ಒಳಗೆ ಬನ್ನಿ, ಜಾಗ ಇದೆ ಅಂತ ಕೈ ಮಾಡಿ ತೋರಿಸಿದ್ದ. ನಿಜ ಏನಂದರೆ ನನಗೆ ನಾಚಿಕೆ ಆಯಿತು. ಮದುವೆ ಮನೆಯಲ್ಲಿ ಮಗಳನ್ನು ಕಳಿಸುವಾಗ ಅಳುವ ತಾಯಿಯ ಮುಖಕ್ಕೆ ಒಂದಡಿ ಹತ್ತಿರ ಹೋಗಿ ನಿಲ್ಲುವವನು ನಾನು. ಮದುಮಗ ಮದುಮಗಳ ಕಿವಿಯಲ್ಲಿ ಏನೋ ಹೇಳಿದರೆ "ಇನ್ನೊಂದ್ಸಲ ಹೇಳಿ ಸರ್" ಅಂತ ಕೇಳುವ ಮಟ್ಟಕ್ಕೆ ನಾಚಿಕೆ ಬಿಟ್ಟವನು. ಇಲ್ಲಿ ಇಬ್ಬರು ಗಂಡಸರು ತಬ್ಬಿಕೊಂಡ ತಕ್ಷಣ ನನ್ನ ಕಾಲು ತಾನೇ ಹಿಂದಕ್ಕೆ ಹೋಯಿತು. ಹೆಡ್‌ಫೋನಿನಲ್ಲಿ ಒಬ್ಬರ ಉಸಿರು ಕೇಳುವುದು ಕಣ್ಣಾರೆ ನೋಡುವುದಕ್ಕಿಂತ ಹತ್ತಿರದ ಸಂಗತಿ. ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿಯೂ ಬಿಟ್ಟೆ.

"ಅಣ್ಣಾ, ಸೌಂಡ್ ಓಕೆನಾ?"

"ಓಕೆ" ಅಂದೆ. ಎರಡೇ ಟೇಕು.

ಈ ಕೆಲಸದ ಲೆಕ್ಕ ಸುಲಭ. ಬಾಯಿಗೂ ಮೈಕಿಗೂ ಇರುವ ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸುತ್ತಲಿನ ಗದ್ದಲ ಇಳಿಯುವುದಿಲ್ಲ, ಅದು ಇದ್ದ ಹಾಗೇ ಇರುತ್ತದೆ. ಮಾಮೂಲಿ ಮಾತು 60 ಡೆಸಿಬಲ್ ಆಸುಪಾಸು, ಪಿಸುಮಾತು 30ರ ಹತ್ತಿರ. ಮೊದಲೇ ಬಡವ, ಅವನ ಜೇಬಿನಿಂದ ಇನ್ನಷ್ಟು ಕಿತ್ತುಕೊಂಡ ಹಾಗಾಯಿತು. ಎಡಿಟಿಂಗಿನಲ್ಲಿ ದನಿ ಏರಿಸಿದರೆ ಜನರೇಟರೂ ಜೊತೆಗೆ ಏರಿತು. ಕೊನೆಗೆ ನಾವೆಲ್ಲ ಮಾಡುವ ಕಳ್ಳ ಕೆಲಸ ಮಾಡಿದೆ. ಮೇಲೆ ಒಂದು ಪಿಟೀಲು ಎಳೆದು ಮುಚ್ಚಿದೆ. ನಿರ್ದೇಶಕನಿಗೂ ಆಗ ಕಣ್ಣಲ್ಲಿ ನೀರು ಬಂತು, ಪಿಟೀಲಿಗೆ ಆ ಗುಣ ಇದೆ.

ಆಮೇಲೆ ಒಂದೊಂದೇ ಕಡೆ ತೋರಿಸಿದೆವು. ಜನ ಇಂಥ ಸಿನಿಮಾಗೆ ಹೇಗೆ ಮಾರ್ಕ್ಸ್ ಕೊಡುತ್ತಾರೆ ಅಂತ ನನಗೆ ಗೊತ್ತಾಗಿದ್ದು ಆಗಲೇ. ಬೆಂಗಳೂರಿನ ಸಣ್ಣ ಹಾಲಿನಲ್ಲಿ ಎಲ್ಲರೂ "ಬೋಲ್ಡ್ ಸಬ್ಜೆಕ್ಟ್" ಅಂದರು. ಒಬ್ಬರೂ ಆ ಹುಡುಗ ಏನಂದ ಅಂತ ಕೇಳಲಿಲ್ಲ. ಅಂದರೆ ಅವರಿಗೂ ಕೇಳಿಸಿರಲಿಲ್ಲ, ಆದರೆ ಕೇಳಿದರೆ ಎಲ್ಲಿ ಸಬ್ಜೆಕ್ಟಿಗೆ ವಿರೋಧ ಅಂದುಕೊಳ್ಳುತ್ತಾರೋ ಅಂತ ಸುಮ್ನೆ ಇದ್ದರು. ಒಬ್ಬ ಹಿರಿಯರು ಮಾತ್ರ "ತಾಂತ್ರಿಕವಾಗಿ ಇನ್ನೂ ಸ್ವಲ್ಪ" ಅಂತ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ ಕಾಫಿ ಕುಡಿದರು. ಲಿಂಕ್ ಹಾಕಿದಾಗ ಇನ್ನೊಂದು ತಮಾಷೆ. ಹತ್ತಕ್ಕೆ ಹತ್ತು, ಇಲ್ಲ ಹತ್ತಕ್ಕೆ ಒಂದು. ನಡುವೆ ಯಾರೂ ಇಲ್ಲ. ಒಂದು ಕೊಟ್ಟವರಲ್ಲಿ ಕೆಲವರು ಲಿಂಕ್ ಹಾಕಿದ ಐದು ನಿಮಿಷಕ್ಕೇ ಕೊಟ್ಟಿದ್ದರು. ಸಿನಿಮಾ ಇರುವುದೇ ಎಪ್ಪತ್ತು ನಿಮಿಷ.

ನಮ್ಮ ಊರಿನಲ್ಲಿ ಇನ್ನೊಂದು ಮಾತು. "ಇವೆಲ್ಲ ಬೆಂಗಳೂರು, ಬಾಂಬೆ ಕಥೆ. ನಮ್ ಕಡೆ ಎಲ್ಲಿ?" ನನ್ನ ಸ್ವಂತ ಭಾವ ಹೀಗೆ ಅಂದ. ಗಂಡಸನ್ನು ಪ್ರೀತಿಸುವ ಗಂಡಸಿನ ಕಥೆಗಳನ್ನು 'ಮೋಹನಸ್ವಾಮಿ' ಅಂತ 2013ರಲ್ಲಿ ಪುಸ್ತಕ ಮಾಡಿದ ವಸುಧೇಂದ್ರ ನಮ್ಮ ಸಂಡೂರಿನವರೇ ಅಂದೆ. ಅವನಿಗೆ ಗೊತ್ತಿರಲಿಲ್ಲ. "ಹಂಗಾದ್ರೆ ಇದು ಜೋಗತಿಯರ ಥರದ್ದಾ?" ಅಂದ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಸ್ಟೇಟಸ್ ಹಾಕಿ ಹೆಮ್ಮೆಪಟ್ಟವನು ಇವನೇ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವುದು ಬೇರೆ, ಇದು ಬೇರೆ ಅಂತ ಬಿಡಿಸಿ ಹೇಳುವ ಹೊತ್ತಿಗೆ ಚಹಾ ಆರಿತ್ತು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ಕ್ಕೆ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದಿತು. ಮದುವೆ ವಿಷಯಕ್ಕೆ 2023ರಲ್ಲಿ ಕೈ ಚೆಲ್ಲಿತು. ಭಾವ ಈ ಎರಡರಲ್ಲಿ ಎರಡನೆಯದನ್ನು ಮಾತ್ರ ಟಿವಿಯಲ್ಲಿ ನೋಡಿದ್ದ.

ಆಮೇಲೆ ನಿರ್ದೇಶಕ ತನ್ನ ಗೆಳೆಯರಿಗೆ ತೋರಿಸಿದ. ಎಂಟು ಜನ, ಎಲ್ಲರೂ ಗೇ ಹುಡುಗರು. ಇವರಾದರೂ ಹೊಗಳುತ್ತಾರೆ ಅಂದುಕೊಂಡಿದ್ದೆ. ಹಿಡಿದು ಝಾಡಿಸಿದರು! ಮೊದಲ ಭೇಟಿಯಲ್ಲೇ ಯಾರು ಹಾಗೆ ದಿಟ್ಟಿಸಿ ನೋಡ್ತಾರೆ? ಯಾಕೆ ಇಂಥ ಸಿನಿಮಾದಲ್ಲಿ ಯಾವಾಗಲೂ ಮಳೆ? ಕೊನೆಗೆ ಒಬ್ಬನಿಗೆ ಮದುವೆ ಮಾಡಿಸದೆ ಇದ್ದಿದ್ದಕ್ಕೆ ಥ್ಯಾಂಕ್ಸ್, ಸಾಯಿಸದೆ ಇದ್ದಿದ್ದಕ್ಕೆ ಇನ್ನೂ ದೊಡ್ಡ ಥ್ಯಾಂಕ್ಸ್, ಆದರೆ ನಡುವೆ ಇಪ್ಪತ್ತು ನಿಮಿಷ ಬೋರು. ಅವರು ಬೇರೆ ಸಿನಿಮಾಗಳ ಹೆಸರು ಹೇಳಿದರು, ಆಮೇಲೆ ನಾನೂ ಕೂತು ನೋಡಿದೆ. 'ವೀಕೆಂಡ್' ಅಂತ 2011ರ ಒಂದು ಇಂಗ್ಲಿಷ್ ಸಿನಿಮಾ. ನಾಟಿಂಗ್‌ಹ್ಯಾಮ್ ಊರಿನಲ್ಲಿ ಶುಕ್ರವಾರ ರಾತ್ರಿ ಇಬ್ಬರು ಸಿಗುತ್ತಾರೆ, ಭಾನುವಾರ ಒಬ್ಬ ಊರು ಬಿಡಬೇಕು. ಇರುವುದೆಲ್ಲ ಮಾತೇ, ಒಂದು ಸಣ್ಣ ಮನೆ, ಅಷ್ಟೇ. ದುಡ್ಡು ಸುರಿದು ಮಾಡಿದ್ದಲ್ಲ. ಪಕ್ಕದ ಮಹಾರಾಷ್ಟ್ರದ 'ಸಾಬರ್ ಬೋಂಡ' ಇನ್ನೂ ಹತ್ತಿರದ್ದು. ಅಪ್ಪ ತೀರಿಕೊಂಡ ಮೇಲೆ ಹತ್ತು ದಿನದ ಸೂತಕಕ್ಕೆ ಹಳ್ಳಿಗೆ ಹೋದವನಿಗೆ ಬಾಲ್ಯದ ಗೆಳೆಯ ಸಿಗುತ್ತಾನೆ. ಅದು 2025ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಉತ್ಸವದಲ್ಲಿ ವಿದೇಶಿ ಕಥಾಚಿತ್ರಗಳ ದೊಡ್ಡ ಬಹುಮಾನ ಗೆದ್ದಿತು. ಅದಕ್ಕೆ ಯಾರೂ ಸಬ್ಜೆಕ್ಟಿನ ಹೆಸರಲ್ಲಿ ಗ್ರೇಸ್ ಮಾರ್ಕ್ಸ್ ಹಾಕಬೇಕಾಗಿಲ್ಲ.

ಆ ಎಂಟು ಜನರಲ್ಲಿ ರಾಯಚೂರಿನ ಹುಡುಗನೊಬ್ಬ ಹೊರಗೆ ಬಂದಾಗ ಹೇಳಿದ್ದು ನೆನಪಿದೆ. "ಬೇಜಾರಾಗಬೇಡಿ ಅಣ್ಣಾ. ಬೇರೆಯವರ ಮುಂದೆ ನಾವೂ ಚೆನ್ನಾಗಿದೆ ಅಂತಲೇ ಹೇಳ್ತೀವಿ. ಕನ್ನಡದಲ್ಲಿ ನಮ್ಮ ಕಥೆ ಸಿಗೋದೇ ಅಪರೂಪ. ಹಸಿದೋನಿಗೆ ಹಳಸಿದ ಅನ್ನಾನೂ ರುಚಿ ಅಲ್ವಾ?"

ಹಳಸಿದ ಅನ್ನ. ಅದನ್ನು ಬಡಿಸಿದವನು ನಾನು.

ಮಾರನೇ ವಾರ ನಿರ್ದೇಶಕನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಫ್ರೇಮಿನ ಕಥೆ ಸುಳ್ಳು, ನಾನೇ ಹಿಂದೆ ಸರಿದೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನನಗೆ ಅವತ್ತೇ ಕಾಣಿಸ್ತು ಅಣ್ಣಾ" ಅಂದ. "ಮತ್ತೆ ಯಾಕೆ ಹೇಳಲಿಲ್ಲ?" "ಹೇಳಿದ್ರೆ ನೀವು ಎದ್ದು ಹೋಗ್ತೀರೇನೋ ಅಂತ." ಏಳು ಲಕ್ಷ ಹಾಕಿದವನು ದಿನಕ್ಕೆ ಎರಡು ಸಾವಿರದ ಸೌಂಡ್‌ನವನಿಗೆ ಹೆದರಿದ್ದ. ಅದನ್ನು ಕೇಳಿ ಬೈಸಿಕೊಂಡಿದ್ದಕ್ಕಿಂತ ಜಾಸ್ತಿ ಬೇಜಾರಾಯಿತು.

ಆ ಸೀನನ್ನು ಮತ್ತೆ ಡಬ್ ಮಾಡಿದೆವು, ನನ್ನ ಖರ್ಚಿನಲ್ಲಿ. ಸ್ಟುಡಿಯೋ ಅಂದರೆ ನನ್ನ ಮಾಳಿಗೆ ರೂಮು, ಗೋಡೆಗೆಲ್ಲ ಅಮ್ಮನ ಕೌದಿಗಳು. ಕೌದಿಯಷ್ಟು ಚೆನ್ನಾಗಿ ಸದ್ದು ಕುಡಿಯುವ ವಸ್ತು ಆ ಬೆಲೆಗೆ ಬೇರೆ ಇಲ್ಲ. ಫ್ಯಾನ್ ಆಫ್. ಮೊದಲು ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ರೆಕಾರ್ಡ್ ಮಾಡಿದೆ. ಎರಡು ಊರಿನಿಂದ ಫೋನ್ ಮಾಡಿದ ಹಾಗೆ ಕೇಳಿಸಿತು. ಮೆಲುದನಿಗೆ ಕೇಳುವವನ ಕಿವಿ ಎದುರಿಗೇ ಬೇಕು, ಇಲ್ಲದಿದ್ದರೆ ನಟ ಮೈಕಿಗೆ ಹೇಳುತ್ತಾನೆ. ಆಮೇಲೆ ಇಬ್ಬರನ್ನೂ ಟೆರೇಸಿನಲ್ಲಿ ನಿಂತ ಹಾಗೇ ತಬ್ಬಿ ನಿಲ್ಲಿಸಿದೆ. ಮೈಕನ್ನು ಬಾಯಿಂದ ಒಂದು ಗೇಣಿಗೆ ಹಿಡಿದೆ, ಎರಡೂ ಕಿವಿಗೆ ಹೆಡ್‌ಫೋನ್. ಮೊದಲ ಮೂರು ಟೇಕ್ ಕೈ ನಡುಗಿತು. ಒಂಬತ್ತನೇ ಟೇಕಿಗೆ ನನ್ನ ತಲೆಯಲ್ಲಿದ್ದ ಚಿಂತೆ ಒಂದೇ, "ಮಾಡಿದ್ಯಾ" ಅನ್ನುವಲ್ಲಿ "ಡಿ" ನುಂಗಿ ಹೋಗುತ್ತಿದೆ ಅಂತ. ಬೆಳಗಿನ ಎರಡಕ್ಕೆ ಅದೇ ಟೆರೇಸಿಗೆ ಹೋಗಿ ಐದು ನಿಮಿಷ ಬರೀ ರಾತ್ರಿಯನ್ನು ರೆಕಾರ್ಡ್ ಮಾಡಿ ತಂದೆ. ದೂರದ ರೈಲು, ಒಂದು ನಾಯಿ, ಗಾಳಿ. ಅದನ್ನು ಕೆಳಗೆ ಹಾಸಿ ಪಿಟೀಲು ಕಿತ್ತು ಹಾಕಿದೆ.

ಒಂದು ಭಾನುವಾರ ರಾತ್ರಿ ಖಾನಾವಳಿ ಬಾಗಿಲು ಹಾಕಿದ ಮೇಲೆ ಅಲ್ಲಿನ ಟಿವಿಗೇ ಪೆನ್‌ಡ್ರೈವ್ ಚುಚ್ಚಿದೆವು. ಅಕ್ಕ, ಜೀನ್ಸ್ ಹೊಲಿಯುವ ಅವರ ತಮ್ಮ, ಊಟಕ್ಕೆ ಬರುವ ಇಬ್ಬರು, ನಾನು, ನಿರ್ದೇಶಕ. ಟೆರೇಸ್ ಸೀನ್ ಬಂತು. ಕಿವಿಯ ಹತ್ತಿರ ಆ ಹುಡುಗ "ಊಟ ಮಾಡಿದ್ಯಾ?" ಅಂದ.

ಅಕ್ಕ "ಅಯ್ಯ ಶಿವನೇ" ಅಂದರು. ಸೆರಗು ಬಾಯಿಗೆ ಹೋಯಿತು.

ಸಿನಿಮಾ ಮುಗಿದ ಮೇಲೆ ನಾನು ಕೇಬಲ್ ಸುತ್ತುತ್ತಿದ್ದೆ. ಹಿಂದೆ ಅಕ್ಕನಿಗೂ ತಮ್ಮನಿಗೂ ಜಗಳ ಶುರುವಾಗಿತ್ತು.

"ಕಂಪ್ಲಿ ಸೇತುವೆ ಮುಳುಗಿದ್ರೆ ಹೊಸಪೇಟೆ ಮ್ಯಾಲೆ ಬಸ್ಸಿಲ್ಲೇನು? ಬರೋ ಮನಸಿದ್ದವ ಬರ್ತಾನ. ಎರಡು ವಾರ ಹುಡುಗನ್ನ ಉಪವಾಸ ಕೆಡವಿ ಈಗ ಊಟ ಕೇಳ್ತಾನ!"

"ಅಕ್ಕಾ, ಅವನಿಗೆ ಮಿಲ್ಲಿನಾಗ ಸೀಸನ್ ಐತಿ. ಇವನರ ಒಂದು ಫೋನ್ ಮಾಡ್ಬೇಕಿಲ್ಲ?"

"ಇವ ಯಾಕ ಮಾಡ್ಬೇಕು? ತಪ್ಪು ಅವಂದು."

"ನಿರ್ದೇಶಕ್ರ, ನೀವರ ಹೇಳ್ರಿ."

ನಿರ್ದೇಶಕ ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ಅವನ ಕಡೆಯೇ ತಿರುಗಿದರು. "ನೀ ಏನ್ ಹೇಳ್ತಿ? ನೀನೂ ಗಂಗಾವತಿಯವನೇ" ಅಂದು ನಾಳೆಯ ಪುಂಡಿ ಸೊಪ್ಪು ಬಿಡಿಸಲು ಒಳಗೆ ಹೋದರು.